ಮಳೆಗಾಲದಲ್ಲಿ ತಡವಾಗಿ ಬಂದವರನ್ನು ಮೊದಲು ಏನು ಕೇಳಬೇಕು

ಕಾರವಾರ, ಅಂಕೋಲಾ, ಕುಮಟಾ ಕಡೆ ಕಚೇರಿಯನ್ನೋ ಸಣ್ಣ ಕಾರ್ಖಾನೆಯನ್ನೋ ನಡೆಸುತ್ತಿರುವ ಸದಸ್ಯರಲ್ಲಿ ನನ್ನದೊಂದು ವಿನಂತಿ: ಮಳೆಗಾಲದಲ್ಲಿ ಯಾರಾದರೂ ತಡವಾಗಿ ಬಂದರೆ, ಹಾಜರಿ ಪುಸ್ತಕವನ್ನು ಮುಂದೆ ಹಿಡಿಯುವ ಮೊದಲು ‘ದಾರಿ ಹೇಗಿತ್ತು?’ ಎಂದು ಕೇಳಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದದ್ದನ್ನು ಕಂಡ ನಮಗೆ ಈ ಪ್ರಶ್ನೆಯ ತೂಕವನ್ನು ಯಾರೂ ವಿವರಿಸಬೇಕಾಗಿಲ್ಲ.

ನಾನು ಮೇಲ್ವಿಚಾರಕನಾಗಿದ್ದ ಘಟಕವೊಂದರಲ್ಲಿ, ಸದಾಶಿವಗಡದಿಂದ ಕಾಳಿ ನದಿ ದಾಟಿ ಬರುತ್ತಿದ್ದ ಅಕ್ಕನೊಬ್ಬರು ಮೊಣಕಾಲಿನವರೆಗೆ ನೆನೆದ ಸೀರೆಯಲ್ಲೇ ಮಧ್ಯಾಹ್ನದವರೆಗೆ ನಿಂತು ಪ್ಯಾಕಿಂಗ್ ಮಾಡುತ್ತಿದ್ದರು. ಅವರ ಬೆರಳ ತುದಿಗಳು ಬಿಳಿಚಿಕೊಂಡು ಸುಕ್ಕುಗಟ್ಟಿದ್ದನ್ನು ನೋಡಿದ ದಿನ ನನಗೆ ನಿಜಕ್ಕೂ ನಾಚಿಕೆಯಾಯಿತು. ಮರುದಿನವೇ ಸಾಮಾನು ಕೋಣೆಯ ಮೂಲೆಯಲ್ಲಿ ಹಗ್ಗ ಕಟ್ಟಿ, ಫ್ಯಾನ್ ಹಾಕಿಸಿ, ಒಣ ಬಟ್ಟೆಯ ಚೀಲ ತೂಗುಹಾಕಲು ಗೋಡೆಗೆ ಮೊಳೆ ಹೊಡೆಸಿದೆವು. ಇದನ್ನು ಔದಾರ್ಯವೆಂದು ಯಾರೂ ಭಾವಿಸಬಾರದು. ಒದ್ದೆ ಬಟ್ಟೆ ಒಣಗಿಸುವ ಜಾಗ ಮತ್ತು ನಿಂತು ದುಡಿಯುವವರಿಗೆ ಕೂರುವ ವ್ಯವಸ್ಥೆ, ಇವೆರಡರ ಪ್ರಸ್ತಾಪವೂ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು.

ಬಸ್ಸಿನ ವೇಳೆ ನೋಡಿಕೊಂಡು ಪಾಳಿಯ ಆರಂಭವನ್ನು ಅರ್ಧ ಗಂಟೆ ಮುಂದೂಡುವುದಾದರೆ, ಅದನ್ನು ಎಲ್ಲರಿಗೂ ಒಂದೇ ರೀತಿ ಅನ್ವಯಿಸಿ ಜೂನ್ ಮೊದಲ ವಾರದಲ್ಲೇ ಫಲಕದಲ್ಲಿ ಬರೆದು ಹಾಕಿ. ಒಬ್ಬೊಬ್ಬರೇ ಬಂದು ಬೇಡಿಕೊಳ್ಳುವಂತೆ ಆಗಬಾರದು.