ನಿಂತುಹೋದ ಅಂಬಾಸಿಡರ್‌ನ ಎಂಜಿನ್: ಅಳತೆ ಮೊದಲು, ಖರೀದಿ ಆಮೇಲೆ

ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ಅಂಬಾಸಿಡರ್ ನೋಡಿದವರೆಲ್ಲ ಕೊಡುವ ಸಲಹೆ ಒಂದೇ: ಹಳೇ ಪೆಟ್ರೋಲ್ ಎಂಜಿನ್ ಇಳಿಸಿ ಗುಜರಿಗೆ ಹಾಕಿ, ಬೇರೆ ಯಾವುದಾದರೂ ಡೀಸೆಲ್ ಎಂಜಿನ್ ಕೂರಿಸಿ. ಇದನ್ನು ನಾನು ಒಪ್ಪುವುದಿಲ್ಲ. ಈ ಗಾಡಿಯ 1489 ಸಿಸಿಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಎಂಜಿನ್‌ನಲ್ಲಿ ಬ್ಲಾಕ್, ಹೆಡ್ ಎರಡೂ ಬೀಡುಕಬ್ಬಿಣ. ಮೇನ್ ಬೇರಿಂಗ್ ಮೂರೇ, ವಾಲ್ವ್‌ಗಳನ್ನು ಎತ್ತುವುದು ಪುಶ್‌ರಾಡ್. ದುರಸ್ತಿಗೆ ಬಗ್ಗದ ಭಾಗ ಇದರಲ್ಲಿ ಬಹಳ ಕಡಿಮೆ. ಬ್ಲಾಕ್ ಉಳಿಸಿಕೊಂಡರೆ ಇನ್ನೊಂದು ಲಾಭವೂ ಇದೆ: ಆರ್‌ಸಿಯಲ್ಲಿರುವ ಎಂಜಿನ್ ನಂಬರೇ ಮುಂದುವರಿಯುತ್ತದೆ, ಎಂಜಿನ್ ಬದಲಿಸಿದ್ದನ್ನು ದಾಖಲಿಸಲು ಆರ್‌ಟಿಒ ಕಚೇರಿಗೆ ಓಡಾಡಬೇಕಿಲ್ಲ. ಬೆಳಗಾವಿಯಲ್ಲಿ ಇರುವವರಿಗಂತೂ ಕ್ರ್ಯಾಂಕ್ ಗ್ರೈಂಡಿಂಗ್, ಬೋರಿಂಗ್, ಸ್ಲೀವ್, ಹೆಡ್ ಫೇಸಿಂಗ್ ಎಲ್ಲವೂ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಸುತ್ತಲೇ ಮುಗಿಯುತ್ತವೆ.

ಖರ್ಚು ಕಡಿಮೆಯಾಗುವುದು ಅಗ್ಗದ ಸಾಮಾನು ಕೊಂಡು ಅಲ್ಲ. ಬೇಡದ್ದನ್ನು ಕೊಳ್ಳದೆ ಇರುವುದರಿಂದ. ಹಾಗಾಗಿ ಎಂಜಿನ್ ಪೂರ್ತಿ ಬಿಚ್ಚಿ ಅಳೆಯುವವರೆಗೆ ಒಂದು ರಿಂಗ್ ಸೆಟ್ಟನ್ನೂ ತರಬಾರದು ಎಂಬುದನ್ನು ನಾನು ಕಟ್ಟುನಿಟ್ಟಾಗಿ ಪಾಲಿಸಿದೆ.

ನಿಂತ ಗಾಡಿಗೆ ಹೊಸ ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆಯುವುದು ಎಲ್ಲಕ್ಕಿಂತ ದುಬಾರಿ ಕೆಲಸ. ಬಿಚ್ಚದೆ ನಡೆಯಬಹುದಿದ್ದ ಎಂಜಿನ್ನೂ ಅದರಿಂದ ಹಾಳಾಗುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು ಎಂಜಿನ್ ಆಯಿಲ್ ಅರ್ಧರ್ಧ ಬೆರೆಸಿ, ಒಂದೊಂದು ಸಿಲಿಂಡರ್‌ಗೆ 30–40 ಮಿ.ಲೀ. ಸುರಿದು ಎರಡು ಮೂರು ದಿನ ಹಾಗೇ ಬಿಡಬೇಕು. ಅಷ್ಟರಲ್ಲಿ ರಾಕರ್ ಕವರ್ ತೆಗೆದು ಎಂಟೂ ವಾಲ್ವ್‌ಗಳ ಕಾಂಡಕ್ಕೆ ಎಣ್ಣೆ ಬಿಟ್ಟು, ಮರದ ತುಂಡಿನಿಂದ ಒತ್ತಿ, ಮೇಲೆ ಬರುತ್ತವೆಯೇ ನೋಡಬೇಕು. ಗೈಡ್‌ನಲ್ಲಿ ಕಚ್ಚಿಕೊಂಡ ವಾಲ್ವ್ ಒಂದೇ ಇದ್ದರೂ ಎಂಜಿನ್ ತಿರುಗಿಸಿದ ಕೂಡಲೇ ಪುಶ್‌ರಾಡ್ ಬಾಗುತ್ತದೆ. ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ, ಜೋರು ಮಾಡದೆ ಸ್ವಲ್ಪ ಹಿಂದೆ ಸ್ವಲ್ಪ ಮುಂದೆ ಅಲ್ಲಾಡಿಸುತ್ತ ಬಿಡಿಸಿಕೊಳ್ಳಬೇಕು.

ನಮ್ಮ ಕಡೆಯ ಮಳೆಗಾಲದ ಥಂಡಿ ಎಲ್ಲ ಸಿಲಿಂಡರ್‌ಗಳನ್ನೂ ಒಂದೇ ಥರ ಕೆಡಿಸುವುದಿಲ್ಲ. ಗಾಡಿ ನಿಂತಾಗ ಯಾವ ಸಿಲಿಂಡರ್‌ನ ವಾಲ್ವ್ ತೆರೆದಿತ್ತೋ ಅದರಲ್ಲೇ ತುಕ್ಕು ಹೆಚ್ಚು ಕಚ್ಚಿರುತ್ತದೆ. ಎಂಜಿನ್ ತಿರುಗತೊಡಗಿದ ಮೇಲೆ ಕಂಪ್ರೆಷನ್ ಗೇಜ್ ಹಿಡಿದು ಒಮ್ಮೆ ಒಣಗಿದಂತೆಯೇ, ಇನ್ನೊಮ್ಮೆ ಒಂದು ಚಮಚ ಆಯಿಲ್ ಬಿಟ್ಟು ನೋಡಬೇಕು. ಆಯಿಲ್ ಬಿಟ್ಟಾಗ ಮುಳ್ಳು ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರ್‌ನ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್ ಸೋರುತ್ತಿದೆ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ನಡುವಿನ ಹೆಡ್ ಪ್ಯಾಕಿಂಗ್ ಹೋಗಿದೆ ಎಂದು ತಿಳಿಯಬಹುದು.

ಬಿಚ್ಚುವಾಗ ಒಂದು ಎಚ್ಚರಿಕೆ. ರಾಕರ್ ಸ್ಟ್ಯಾಂಡ್ ಹಿಡಿದಿರುವ ದೊಡ್ಡ ನಟ್‌ಗಳೇ ಹೆಡ್ಡನ್ನೂ ಹಿಡಿದಿರುತ್ತವೆ. ಅವನ್ನಷ್ಟೇ ಸಡಿಲಿಸಿದರೆ ಹೆಡ್ ಒಂದು ಬದಿಗೆ ಎಳೆದುಕೊಂಡು ಡೊಂಕಾಗುವ ಸಂಭವ ಇದೆ. ಮೊದಲು ನೀರು ಇಳಿಸಿ, ಹೆಡ್‌ನ ಎಲ್ಲ ನಟ್‌ಗಳನ್ನೂ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ ಆಮೇಲೆ ರಾಕರ್ ಎತ್ತಬೇಕು. ಪುಶ್‌ರಾಡ್, ಟ್ಯಾಪೆಟ್‌ಗಳನ್ನು ತೂತು ಕೊರೆದ ರಟ್ಟಿನಲ್ಲಿ 1ರಿಂದ 8ರವರೆಗೆ ಕ್ರಮವಾಗಿ ಸಿಕ್ಕಿಸಿಟ್ಟೆ. ಕ್ಯಾಮ್‌ನ ಒಂದು ಲೋಬ್ ಜೊತೆ ಸವೆದು ಹೊಂದಿಕೊಂಡ ಟ್ಯಾಪೆಟ್ ಇನ್ನೊಂದು ಲೋಬ್ ಮೇಲೆ ಕೂತರೆ ಎರಡೂ ಬೇಗ ಹಾಳಾಗುತ್ತವೆ.

ಬೋರ್‌ನ ಮೇಲ್ತುದಿಯಲ್ಲಿ ರಿಂಗ್ ಮುಟ್ಟದ ಜಾಗ ಅಂಚಿನಂತೆ ಎದ್ದಿರುತ್ತದೆ. ಅದನ್ನು ತೆಗೆಯದೆ ಪಿಸ್ಟನ್ ಮೇಲಕ್ಕೆ ಹೊಡೆದರೆ ರಿಂಗ್ ಕೂರುವ ತೋಡು ಮುರಿಯುತ್ತದೆ, ಚೆನ್ನಾಗಿದ್ದ ಪಿಸ್ಟನ್ನೇ ಕೈಬಿಡಬೇಕಾಗುತ್ತದೆ. ಈ ಎಂಜಿನ್‌ನ ಕನ್‌ರಾಡ್‌ಗಳ ಬಿಗ್ ಎಂಡ್ ಓರೆಯಾಗಿ ಸೀಳಿರುತ್ತದೆ. ರಾಡ್‌ಗೂ ಕ್ಯಾಪ್‌ಗೂ ಸಿಲಿಂಡರ್ ನಂಬರನ್ನು ಪಂಚ್‌ನಿಂದ ಹೊಡೆದು, ಕ್ಯಾಮ್ ಕಡೆ ಯಾವುದು ಎಂದೂ ಗುರುತು ಹಾಕಿಕೊಳ್ಳಬೇಕು. ಪಿಸ್ಟನ್ ಪಿನ್ನನ್ನು ಹಿಡಿದಿರುವುದು ರಾಡ್‌ನ ಮೇಲ್ತುದಿಯ ಕ್ಲ್ಯಾಂಪ್ ಬೋಲ್ಟ್. ಅದನ್ನು ಬಿಚ್ಚುವಾಗ, ಬಿಗಿಯುವಾಗ ರಾಡನ್ನು ವೈಸ್‌ಗೆ ಹಾಕಿದರೆ ರಾಡ್ ತಿರುಚಿಕೊಳ್ಳುತ್ತದೆ. ಪಿನ್‌ನ ಎರಡು ತುದಿಗಳಿಗೆ ಹಿತ್ತಾಳೆ ತುಂಡು ಕೊಟ್ಟು ಪಿನ್ನನ್ನೇ ಹಿಡಿಯಬೇಕು.

ಇನ್ನು ಅಳತೆ. ಇಲ್ಲಿನ ಲೇಥ್‌ನವರು ಈಗಲೂ ಥೌ ಲೆಕ್ಕದಲ್ಲೇ ಮಾತಾಡುತ್ತಾರೆ. ಒಂದು ಥೌ ಅಂದರೆ ಸುಮಾರು 0.025 ಮಿ.ಮೀ. ಸ್ಟ್ಯಾಂಡರ್ಡ್ ಬೋರ್ 73.025 ಮಿ.ಮೀ. ಪ್ರತಿ ಸಿಲಿಂಡರನ್ನು ಅಂಚಿನ ಸ್ವಲ್ಪ ಕೆಳಗೆ, ನಡುವೆ, ತಳದಲ್ಲಿ, ಹೀಗೆ ಮೂರು ಕಡೆ ಅಳೆಯಬೇಕು. ಪ್ರತಿ ಕಡೆಯೂ ಕ್ರ್ಯಾಂಕಿಗೆ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಪಿಸ್ಟನ್ ಒತ್ತಿ ಸವೆಸುವುದು ಅಡ್ಡ ದಿಕ್ಕಿನಲ್ಲಿ, ಅದರಲ್ಲೂ ಮೇಲ್ಭಾಗದಲ್ಲಿ. ಮೇಲಕ್ಕೂ ಕೆಳಕ್ಕೂ ವ್ಯತ್ಯಾಸ ನಾಲ್ಕು ಥೌ ಒಳಗಿದ್ದರೆ ಹೋನಿಂಗ್ (ಕಲ್ಲಿನಿಂದ ಬೋರ್ ಉಜ್ಜುವುದು) ಮಾಡಿಸಿ ಹೊಸ ರಿಂಗ್ ಹಾಕಿದರೆ ಸಾಕು, ಗಾಡಿ ಚೆನ್ನಾಗಿ ಓಡುತ್ತದೆ. ಎಂಟು ಥೌ ಮುಟ್ಟಿದರೆ ಬೋರಿಂಗ್, ಅಂದರೆ ಬೋರ್ ಕೊರೆದು ಅಗಲ ಮಾಡುವುದು, ಬೇಕೇ ಬೇಕು. ನಡುವಿನದು ನಿಮ್ಮ ಬಳಕೆಗೆ ಬಿಟ್ಟದ್ದು. ವಾರಕ್ಕೊಮ್ಮೆ ಹೊರಡುವ ಗಾಡಿಗೆ ಐದು ಥೌ ಇದ್ದಾಗ ನಾನು ಬೋರಿಂಗ್ ಹೇಳುವುದಿಲ್ಲ.

ಒಂದೇ ಸಿಲಿಂಡರ್‌ನಲ್ಲಿ ತುಕ್ಕಿನ ಗುಳಿ ಬಿದ್ದು ಉಳಿದ ಮೂರು ಸರಿಯಿದ್ದರೆ, ನಾಲ್ಕನ್ನೂ ಬೋರ್ ಮಾಡಿಸಿ ಹೊಸ ಪಿಸ್ಟನ್ ಸೆಟ್ ಹಾಕಿಸು ಎನ್ನುವವರೇ ಹೆಚ್ಚು. ಆ ಒಂದಕ್ಕೆ ಮಾತ್ರ ಸ್ಲೀವ್ (ಒಳಕೊಳವೆ) ಹಾಕಿಸಿ, ಉಳಿದ ಮೂರರ ಅಳತೆಗೆ ಬೋರ್ ಮಾಡಿಸಿದರೆ ಹಳೇ ಪಿಸ್ಟನ್‌ಗಳೇ ಬರುತ್ತವೆ. ಇಡೀ ಕೆಲಸದಲ್ಲಿ ದೊಡ್ಡ ಉಳಿತಾಯ ಇದೇ. ಬೋರಿಂಗ್ ಮಾಡಿಸುವುದೇ ಆದರೆ ಪಿಸ್ಟನ್ ಮೊದಲು ಕೈಗೆ ಬರಬೇಕು. ಹಳೇ ಸ್ಟಾಕಿನ ಪಿಸ್ಟನ್ ಡಬ್ಬಿಯ ಮೇಲೆ 40 ಥೌ ಎಂದಿದ್ದರೂ ಒಳಗಿನದನ್ನು ಮೈಕ್ರೋಮೀಟರಿನಿಂದ ಅಳೆದು, ತಯಾರಕರು ಹೇಳಿದ ಕ್ಲಿಯರೆನ್ಸ್ ಸೇರಿಸಿ ಬೋರ್ ಮಾಡಿಸಬೇಕು. ಬೋರ್ ಮೊದಲು ಮಾಡಿಸಿ ಪಿಸ್ಟನ್ ಆಮೇಲೆ ಹುಡುಕಿದರೆ, ಒಂದೋ ಜಾಮ್ ಆಗುತ್ತದೆ, ಇಲ್ಲ ತಣ್ಣಗಿದ್ದಾಗ ಕಟಕಟ ಸದ್ದು ಬರುತ್ತದೆ.

ಕ್ರ್ಯಾಂಕ್‌ನ ಮೇನ್ ಜರ್ನಲ್ (ಮೇನ್ ಬೇರಿಂಗ್‌ನಲ್ಲಿ ತಿರುಗುವ ಭಾಗ) 50.8 ಮಿ.ಮೀ., ಕ್ರ್ಯಾಂಕ್ ಪಿನ್ 47.65 ಮಿ.ಮೀ. ಗುಂಡಗಿರುವುದರಲ್ಲಿ ಎರಡು ಥೌ ವ್ಯತ್ಯಾಸ ಬಂದರೆ, ಅಥವಾ ಉಗುರಿಗೆ ತಾಗುವಂಥ ಗೀರು ಇದ್ದರೆ ಗ್ರೈಂಡಿಂಗ್ ಬೇಕು. ಇಲ್ಲದಿದ್ದರೆ ಪಾಲಿಶ್ ಮಾಡಿಸಿ ಹೊಸ ಶೆಲ್ (ಬೇರಿಂಗ್‌ನ ಅರ್ಧವೃತ್ತದ ಪಟ್ಟಿ) ಹಾಕಿದರಾಯಿತು. ಶೆಲ್‌ಗಳು 10, 20, 30, 40 ಥೌ ಅಂಡರ್‌ಸೈಜ್‌ನಲ್ಲಿ ಬರುತ್ತವೆ. ಪೇಟೆಯಲ್ಲಿ ಯಾವುದು ಸಿಗುತ್ತದೆ ಎಂದು ಖಚಿತ ಮಾಡಿಕೊಂಡೇ ಗ್ರೈಂಡಿಂಗ್ ಕೊಡಬೇಕು. ಕೊಡುವಾಗ ಎರಡು ಮಾತು ಹೇಳಿ: ಜರ್ನಲ್‌ನ ಮೂಲೆಯ ದುಂಡು ಹಾಗೇ ಉಳಿಯಬೇಕು, ಆಯಿಲ್ ತೂತಿನ ಬಾಯಿ ಮೊದಲಿನಂತೆ ನಯವಾಗಿರಬೇಕು. ಮೂಲೆ ಚೂಪಾದ ಕ್ರ್ಯಾಂಕ್ ಬಿರುಕು ಬಿಡುವುದು ಅಲ್ಲಿಂದಲೇ.

ಕೂಲಿಗೆ ಹಿಂದೆಮುಂದೆ ನೋಡದೆ ದುಡ್ಡು ಕೊಡಬೇಕಾದ ಇನ್ನೊಂದು ಕೆಲಸ ಹೆಡ್‌ನದು. ಈ ಹೆಡ್‌ನಲ್ಲಿ ಸೀಟುಗಳು ಬೀಡಿನಲ್ಲೇ ಕಡೆದವು. ಸೀಸವಿದ್ದ ಪೆಟ್ರೋಲ್ ಅವುಗಳನ್ನು ಕಾಯುತ್ತಿತ್ತು. 2000ದಿಂದ ದೇಶದಲ್ಲೆಲ್ಲ ಸಿಗುತ್ತಿರುವುದು ಸೀಸ ಇಲ್ಲದ ಪೆಟ್ರೋಲ್, ಅದರಲ್ಲಿ ಎಕ್ಸಾಸ್ಟ್ ಸೀಟು ನಿಧಾನವಾಗಿ ಒಳಗೆ ಸವೆಯುತ್ತ ಹೋಗುತ್ತದೆ. ಟ್ಯಾಪೆಟ್ ಗ್ಯಾಪ್ (ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು) ಪದೇ ಪದೇ ಮುಚ್ಚಿಹೋಗುತ್ತಿದ್ದರೆ ಕಾರಣ ಇದೇ. ನಾಲ್ಕು ಎಕ್ಸಾಸ್ಟ್‌ಗೂ ಗಟ್ಟಿ ಸೀಟ್ ರಿಂಗ್ ಹಾಕಿಸಿದೆ, ಇನ್‌ಲೆಟ್‌ಗೆ ಬೇಡ. ಗ್ರೈಂಡಿಂಗ್ ಪೇಸ್ಟ್ ಹಾಕಿ ಲ್ಯಾಪಿಂಗ್ ಮಾಡಿದ ಮೇಲೆ ವಾಲ್ವ್ ಕೂರಿಸಿ ಪೋರ್ಟ್‌ಗೆ ಸೀಮೆಎಣ್ಣೆ ಸುರಿದು ಐದು ನಿಮಿಷ ನೋಡಬೇಕು. ಒಂದು ಹನಿಯೂ ಜಿನುಗಬಾರದು. ಹೆಡ್ ಫೇಸಿಂಗ್ ಮಾತ್ರ ಡೊಂಕು ತೆಗೆಯಲು ಬೇಕಾದಷ್ಟೇ ಮಾಡಿಸಬೇಕು.

ಎಲ್ಲಕ್ಕಿಂತ ಹೆಚ್ಚು ಎಂಜಿನ್ ಕೆಡುವುದು ಲೇಥ್ ಕೆಲಸದಿಂದ ಅಲ್ಲ, ಅದಾದ ಮೇಲೆ ಸರಿಯಾಗಿ ತೊಳೆಯದಿರುವುದರಿಂದ. ಹೋನಿಂಗ್ ಕಲ್ಲಿನ ಪುಡಿ ಬೋರ್‌ನ ಗೀರುಗಳಲ್ಲಿ ಕೂತಿರುತ್ತದೆ. ಸೀಮೆಎಣ್ಣೆಯಿಂದ ತೊಳೆದರೆ ಜಿಡ್ಡು ಹೋಗುತ್ತದೆ, ಪುಡಿ ಅಲ್ಲೇ ಉಳಿಯುತ್ತದೆ. ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಗಟ್ಟಿ ಬ್ರಷ್ ಹಿಡಿದು ಬೋರ್ ತಿಕ್ಕಬೇಕು. ಒಣಗಿಸಿ, ಬಿಳಿ ಪಂಚೆಯ ತುಂಡಿಗೆ ಆಯಿಲ್ ಹಚ್ಚಿ ಒರೆಸಿ ನೋಡಿದರೆ ಮೊದಲ ಸಲ ಬಟ್ಟೆ ಬೂದುಬಣ್ಣಕ್ಕೆ ತಿರುಗುತ್ತದೆ. ಮತ್ತೆ ಸೋಪು, ಮತ್ತೆ ಬಟ್ಟೆ. ಬಟ್ಟೆಯ ಮೇಲೆ ಆಯಿಲ್‌ನ ಬಣ್ಣ ಬಿಟ್ಟು ಬೇರೇನೂ ಕಾಣದ ತನಕ ಬಿಡಬಾರದು. ಕೂಡಲೇ ಆಯಿಲ್ ಬಳಿಯದಿದ್ದರೆ ಮಳೆಗಾಲದಲ್ಲಿ ಅರ್ಧ ಗಂಟೆಯೊಳಗೆ ಕೆಂಪು ತುಕ್ಕು ಹೂತು ಬರುತ್ತದೆ. ಹಾಗೆಯೇ ಬ್ಲಾಕ್‌ನ ಆಯಿಲ್ ಗ್ಯಾಲರಿಯ ತುದಿ ಪ್ಲಗ್ ತೆಗೆದು, ಕ್ರ್ಯಾಂಕ್‌ನ ಒಳದಾರಿಗೂ ಉದ್ದ ಬ್ರಷ್ ಹಾಕಿ, ಗಾಳಿ ಹೊಡೆಯಬೇಕು. ಕೋರ್ ಪ್ಲಗ್ ತೆಗೆದು ನೀರಿನ ಜಾಗವನ್ನೂ ಕೆರೆಯಬೇಕು. ಬೋರ್‌ವೆಲ್ ನೀರು ಹಾಕಿ ಓಡಿಸಿದ ಗಾಡಿಗಳಲ್ಲಿ ನಾಲ್ಕನೇ ಸಿಲಿಂಡರ್ ಹಿಂದೆ ಸುಣ್ಣ, ಕೆಸರು ಗಟ್ಟಿಯಾಗಿ ಕೂತಿರುತ್ತವೆ. ರೇಡಿಯೇಟರ್ ಎಷ್ಟು ಒಳ್ಳೆಯದಿದ್ದರೂ ಅಲ್ಲಿ ಕಾಯುವುದು ನಿಲ್ಲುವುದಿಲ್ಲ.

ಆಯಿಲ್ ಪಂಪ್ ಹೊಸದೇ ಬೇಕೆಂದಿಲ್ಲ. ಒಳಗಿನ ರೋಟರ್‌ಗಳ ತುದಿಗಳ ನಡುವೆ ಆರು ಥೌ, ಹೊರ ರೋಟರ್‌ಗೂ ಬಾಡಿಗೂ ನಡುವೆ ಹತ್ತು ಥೌ, ಮೇಲ್ಮುಖದಲ್ಲಿ ಐದು ಥೌ, ಇದಕ್ಕಿಂತ ಹೆಚ್ಚಾಗಬಾರದು. ಮೇಲ್ಮುಖದ್ದು ಮಾತ್ರ ಹೆಚ್ಚಾಗಿದ್ದರೆ, ರೋಟರ್ ತೆಗೆದಿಟ್ಟು ಪಂಪ್ ಬಾಡಿಯ ಮುಖವನ್ನು ದಪ್ಪ ಗಾಜಿನ ಮೇಲಿಟ್ಟ ಪಾಲಿಶ್ ಪೇಪರ್‌ಗೆ ಎಂಟರ ಆಕಾರದಲ್ಲಿ ಉಜ್ಜಿ ಸರಿಮಾಡಬಹುದು. ದುಡ್ಡು ಉಳಿಸಲೇಬಾರದ ಸಾಮಾನು ಇವು: ಬೇರಿಂಗ್ ಶೆಲ್, ಥ್ರಸ್ಟ್ ವಾಷರ್, ಬಿಗ್ ಎಂಡ್ ಬೋಲ್ಟಿನ ಲಾಕ್ ಪಟ್ಟಿ, ಪ್ಯಾಕಿಂಗ್ ಸೆಟ್.

ಜೋಡಣೆಯಲ್ಲಿ ಥ್ರಸ್ಟ್ ವಾಷರ್ ನಡುವಿನ ಮೇನ್‌ಗೆ ಬರುತ್ತದೆ. ಅದರ ಆಯಿಲ್ ತೋಡುಗಳು ಕ್ರ್ಯಾಂಕ್ ಕಡೆ ಮುಖ ಮಾಡಿರಬೇಕು, ಕ್ರ್ಯಾಂಕ್‌ನ ಉದ್ದುದ್ದ ಆಟ ಎರಡು ಮೂರು ಥೌ ಇರಬೇಕು. ಮೇನ್ ಕ್ಯಾಪ್‌ಗೆ ಟಾರ್ಕ್ 70 ಪೌಂಡ್-ಅಡಿ, ಬಿಗ್ ಎಂಡ್‌ಗೆ 35, ಹೆಡ್‌ಗೆ 40. ಒಂದೊಂದು ಕ್ಯಾಪ್ ಬಿಗಿದ ಮೇಲೂ ಕ್ರ್ಯಾಂಕ್ ಕೈಯಿಂದ ತಿರುಗಿಸಿ ನೋಡಬೇಕು. ಎಲ್ಲ ಬಿಗಿದು ಕೊನೆಗೆ ತಿರುಗದಿದ್ದರೆ ತಪ್ಪು ಎಲ್ಲಿದೆ ಎಂದು ಹುಡುಕಲು ಮತ್ತೆ ಎಲ್ಲ ಬಿಚ್ಚಬೇಕಾಗುತ್ತದೆ. ರಿಂಗನ್ನು ಪಿಸ್ಟನ್‌ಗೆ ಹಾಕುವ ಮೊದಲು ಬೋರ್‌ನೊಳಗೆ ನೆಟ್ಟಗೆ ಕೂರಿಸಿ ಬಾಯಿಯ ಗ್ಯಾಪ್ ನೋಡಬೇಕು, 8ರಿಂದ 13 ಥೌ. ಕಡಿಮೆ ಇದ್ದರೆ ಅರದಿಂದ ಉಜ್ಜಬೇಕು, ಇಲ್ಲದಿದ್ದರೆ ಬಿಸಿಗೆ ಹಿಗ್ಗಿ ತುದಿಗಳು ತಾಗಿ ಬೋರ್ ಗೀರುತ್ತದೆ. ಟೈಮಿಂಗ್ ಗೇರುಗಳ ಮೇಲಿನ ಎರಡು ಚುಕ್ಕೆಗಳು ಎದುರುಬದುರಾಗಿ, ಎರಡು ಶಾಫ್ಟ್‌ಗಳ ನಡುವಿನ ನೇರ ಗೆರೆಯಲ್ಲಿ ಬರಬೇಕು. ಮುಂದಿನ ಕವರ್ ಬೋಲ್ಟ್‌ಗಳನ್ನು ಸಡಿಲ ಬಿಟ್ಟು, ಪುಲ್ಲಿ ಹಾಕಿ ಸೀಲ್ ನಡುವಿಗೆ ಬಂದ ಮೇಲೆ ಬಿಗಿಯಬೇಕು.

ಹಿಂದಿನ ಮೇನ್‌ನಲ್ಲಿ ರಬ್ಬರ್ ಸೀಲ್ ಇಲ್ಲ. ಕ್ರ್ಯಾಂಕ್ ಮೇಲೆ ಕಡೆದ ಸುರುಳಿ ತೋಡು ಆಯಿಲನ್ನು ಒಳಗೆ ತಳ್ಳುತ್ತದೆ. ಕ್ಲಚ್ ಕಡೆ ಆಯಿಲ್ ಸೋರಿದರೆ ಸೀಲ್ ಹುಡುಕುವ ಮೊದಲು ಬ್ರೀದರ್ ಪೈಪ್ ಕಟ್ಟಿದೆಯೇ, ಆಯಿಲ್ ಮಟ್ಟ ಜಾಸ್ತಿಯಾಗಿದೆಯೇ ನೋಡಿ. ಒಳಗಿನ ಒತ್ತಡ ಹೊರಹೋಗಲು ದಾರಿಯಿಲ್ಲದಿದ್ದರೆ ಆಯಿಲ್ ಅಲ್ಲಿಂದಲೇ ಬರುತ್ತದೆ.

ಟ್ಯಾಪೆಟ್ ಗ್ಯಾಪ್ ಎಂಜಿನ್ ಬಿಸಿಯಿದ್ದಾಗ 15 ಥೌ. ಪೂರ್ತಿ ಒತ್ತಿರುವ ವಾಲ್ವ್‌ನ ನಂಬರನ್ನು ಒಂಬತ್ತರಿಂದ ಕಳೆದರೆ ಬರುವ ವಾಲ್ವನ್ನು ಹೊಂದಿಸಬೇಕು: ಒಂದು ಒತ್ತಿದಾಗ ಎಂಟು, ಮೂರು ಒತ್ತಿದಾಗ ಆರು. ಫೈರಿಂಗ್ ಆರ್ಡರ್ 1-3-4-2, ಡೆಲ್ಕೋದ (ಡಿಸ್ಟ್ರಿಬ್ಯೂಟರ್) ರೋಟರ್ ತಿರುಗುವುದು ಗಡಿಯಾರದ ವಿರುದ್ಧ ದಿಕ್ಕಿನಲ್ಲಿ. ಪಾಯಿಂಟ್ ಗ್ಯಾಪ್ 15 ಥೌ, ಪ್ಲಗ್ 25 ಥೌ. ಪೆಟ್ರೋಲ್ ಪೈಪು, ಪಂಪ್‌ನ ಡಯಾಫ್ರಾಮ್ ಎಥೆನಾಲ್ ತಡೆಯುವಂಥವನ್ನೇ ಹಾಕಿ. ಈಗಿನ ಇ20 (20% ಎಥೆನಾಲ್ ಬೆರೆತ) ಪೆಟ್ರೋಲ್‌ಗೆ ಹಳೇ ರಬ್ಬರ್ ಕರಗಿ ಜೆಟ್ಟಿಗೆ ಸಿಕ್ಕುತ್ತದೆ. ಎಸ್‌ಯು ಕಾರ್ಬ್ಯುರೇಟರ್ ಇದ್ದರೆ ಜೆಟ್ ನಟ್ಟನ್ನು ಒಂದೆರಡು ಮುಖದಷ್ಟು ಕೆಳಗಿಳಿಸಬೇಕಾಗಬಹುದು.

ಮೊದಲ ಸ್ಟಾರ್ಟ್‌ಗೆ ಮುಂಚೆ ಆಯಿಲ್ ಪಂಪ್‌ಗೆ ಆಯಿಲ್ ತುಂಬಿ, ಪ್ಲಗ್ ತೆಗೆದು ಸೆಲ್ಫ್ ಹೊಡೆದು ಗೇಜ್ ಮುಳ್ಳು ಏಳುವವರೆಗೆ ತಿರುಗಿಸಬೇಕು. 20ಡಬ್ಲ್ಯು-50 ಮಿನರಲ್ ಆಯಿಲ್ ಸಾಕು, ಸಿಂಥೆಟಿಕ್ ಹಾಕಿದರೆ ರಿಂಗ್ ಕೂರುವುದು ತಡವಾಗಬಹುದು. ಬಿಸಿಯಾಗಿ ಓಡುವಾಗ 50 ಪಿಎಸ್‌ಐ ಆಸುಪಾಸು ತೋರಿಸಬೇಕು. ಕ್ಯಾಮ್, ಟ್ಯಾಪೆಟ್ ಹೊಸದು ಹಾಕಿದ್ದರೆ ಸ್ಟಾರ್ಟ್ ಆದ ಕೂಡಲೇ ಐಡಲ್‌ಗೆ ಬಿಡದೆ 20 ನಿಮಿಷ 1500–2000 ಆರ್‌ಪಿಎಂನಲ್ಲಿ ಇಡಬೇಕು.

ರನ್ನಿಂಗ್-ಇನ್‌ಗೆ (ಹೊಸ ಭಾಗಗಳು ಹೊಂದಿಕೊಳ್ಳುವ ಮೊದಲ ಓಟಕ್ಕೆ) ಹೈವೇ ಬೇಡ. ಪುಣೆ ರಸ್ತೆಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಹೋದರೆ ಬೋರ್ ಹೊಳಪು ಹಿಡಿದು ರಿಂಗ್ ಕೂರದೆ ಉಳಿಯುತ್ತದೆ. ಖಾನಾಪುರ ಕಡೆಯ ಸಣ್ಣ ಏರಿಳಿತದ ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದು: ಏರುವಾಗ ಭಾರ ಬೀಳುತ್ತದೆ, ಇಳಿಯುವಾಗ ಕಾಲು ಬಿಟ್ಟರೆ ಬೋರ್‌ಗೆ ಆಯಿಲ್ ಎಳೆದುಕೊಳ್ಳುತ್ತದೆ. ಚೋರ್ಲಾ ಘಾಟಿಗೆ ಮೊದಲ 1,000 ಕಿ.ಮೀ. ಮುಗಿಯುವ ತನಕ ಹೋಗಬೇಡಿ, ಟಾಪ್ ಗೇರ್‌ನಲ್ಲಿ ಒದ್ದಾಡಿಸುತ್ತ ಏರಿಸುವುದನ್ನು ಹೊಸ ಶೆಲ್ ಸಹಿಸುವುದಿಲ್ಲ. 500 ಕಿ.ಮೀ.ಗೆ ಎಂಜಿನ್ ಪೂರ್ತಿ ತಣ್ಣಗಾದಾಗ ಹೆಡ್ ನಟ್‌ಗಳ ಟಾರ್ಕ್ ಮತ್ತೆ ನೋಡಿ, ಆಮೇಲೆ ಬಿಸಿ ಮಾಡಿ ಟ್ಯಾಪೆಟ್ ಹೊಂದಿಸಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಇಳಿಸಿದ ಆಯಿಲನ್ನು ಬಿಳಿ ತಟ್ಟೆಗೆ ಹಾಕಿ ಬಿಸಿಲಿಗೆ ಹಿಡಿಯಿರಿ. ಬೂದು ಮಬ್ಬು ಇದ್ದರೆ ಅದು ರಿಂಗ್ ಕೂತದ್ದು, ಚಿಂತೆಯಿಲ್ಲ. ತಾಮ್ರದ ಬಣ್ಣದ ಮಿಣುಕು ಕಂಡರೆ ಗಾಡಿ ಓಡಿಸದೆ ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿ ಶೆಲ್ ನೋಡಿ.