ಅಂಗಡಿಯ ಹೆಸರನ್ನು ಬರೆದುಕೊಡುವ ಕೆಲಸ: ನನ್ನ ಅನುಭವ

ನಾನು ಮೈಸೂರಿನಲ್ಲಿ ಗ್ರಾಫಿಕ್ ವಿನ್ಯಾಸದ ಕೆಲಸ ಮಾಡುತ್ತೇನೆ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಕಾಂಡಿಮೆಂಟ್ಸ್, ಬೇಕರಿ, ಗಾಣದೆಣ್ಣೆ ಮಳಿಗೆ, ಹೊಲಿಗೆ ಅಂಗಡಿಗಳನ್ನು ತಾವೇ ನಿಂತು ನಡೆಸುವವರು. ಎಲ್ಲರೂ ಕೇಳುವುದು ಒಂದು ಲೋಗೋವನ್ನು. ಆದರೆ ಇಂಥ ಅಂಗಡಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಅದರ ಹೆಸರನ್ನು ಒಂದೇ ರೀತಿಯಲ್ಲಿ, ದೂರದಿಂದಲೂ ಓದುವಂತೆ, ಯಾರು ಮುದ್ರಿಸಿದರೂ ಕೆಡದಂತೆ ಬರೆದುಕೊಡುವುದು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಸಣ್ಣ ಅಂಗಡಿಯ ಹೆಸರು ಬೋರ್ಡು ಮಾಡುವವರು, ಬಿಲ್ ಬುಕ್ ಅಚ್ಚು ಹಾಕುವ ಮುದ್ರಣಾಲಯ, ಬಟ್ಟೆಚೀಲಕ್ಕೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವವರು, ರಬ್ಬರ್ ಸ್ಟಾಂಪ್ ಅಂಗಡಿ, ಕೊನೆಗೆ ವಾಟ್ಸಾಪ್ ಚಿತ್ರ ಬದಲಾಯಿಸುವ ಮನೆಯ ಹುಡುಗ, ಹೀಗೆ ಹಲವರ ಕೈ ದಾಟುತ್ತದೆ. ಅವರಲ್ಲಿ ಯಾರಿಗೂ ನನ್ನ ಪರಿಚಯವಿರುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಕಂಪ್ಯೂಟರಿನಲ್ಲಿರುವ ಅಕ್ಷರದಲ್ಲಿ ಹೆಸರನ್ನು ಮತ್ತೆ ಟೈಪ್ ಮಾಡಿದರೆ ಒಂದೇ ಅಂಗಡಿಗೆ ಐದು ಮುಖ ಬರುತ್ತದೆ.

ಈ ಮಾತನ್ನು ಹಳೆಯ ಬಡಾವಣೆಯೊಂದರ ಕಾಂಡಿಮೆಂಟ್ಸ್ ಅಂಗಡಿಯ ಕೆಲಸದ ಮೂಲಕ ವಿವರಿಸುತ್ತೇನೆ. ಅತ್ತೆ ಆರಂಭಿಸಿದ್ದ ಅಂಗಡಿಯನ್ನು ಈಗ ಸೊಸೆ ನೋಡಿಕೊಳ್ಳುತ್ತಾರೆ. ಕೋಡುಬಳೆ, ನಿಪ್ಪಟ್ಟು, ಚಕ್ಕುಲಿ, ಚಟ್ನಿಪುಡಿ, ಹುಳಿಪುಡಿ, ಪುಳಿಯೋಗರೆ ಗೊಜ್ಜು ಅಲ್ಲಿಯ ಮುಖ್ಯ ಸರಕು. ಕೆಲಸ ಒಪ್ಪಿಕೊಂಡ ಮೇಲೆ ಬೆಳಗಿನ ಹೊತ್ತೂ ಸಂಜೆಯ ಹೊತ್ತೂ ಅಂಗಡಿಯ ಮೂಲೆಯಲ್ಲಿ ನಿಂತು ನೋಡುವುದು ನನ್ನ ರೂಢಿ. ಗಿರಾಕಿಗಳು ಯಾವುದನ್ನು ಹೆಸರು ಹಿಡಿದು ಕೇಳುತ್ತಾರೆ, ಯಾವುದನ್ನು ಕೈ ತೋರಿಸಿ ಕೇಳುತ್ತಾರೆ, ಹೊಸಬರು ಬೋರ್ಡನ್ನು ಎಲ್ಲಿಂದ ನೋಡುತ್ತಾರೆ, ಮರದ ನೆರಳು ಯಾವ ಹೊತ್ತಿನಲ್ಲಿ ಬೋರ್ಡಿನ ಮೇಲೆ ಬೀಳುತ್ತದೆ ಎಂಬುದೆಲ್ಲ ಅಲ್ಲಿ ನಿಂತರೆ ಮಾತ್ರ ತಿಳಿಯುತ್ತದೆ. ಆ ಅಂಗಡಿಗೆ ಜನರು ಬರುತ್ತಿದ್ದುದು ಗೊಜ್ಜಿಗಾಗಿ. ಆದರೆ ಗೊಜ್ಜಿನ ಡಬ್ಬಿಯ ಮೇಲೆ ಅಂಗಡಿಯ ಹೆಸರೇ ಇರಲಿಲ್ಲ. ಬೆಂಗಳೂರಿನ ನೆಂಟರ ಮನೆಗೆ ಹೋದ ಡಬ್ಬಿಯನ್ನು ನೋಡಿ ಅದು ಎಲ್ಲಿಯದೆಂದು ತಿಳಿದುಕೊಳ್ಳುವ ದಾರಿ ಯಾರಿಗೂ ಇರಲಿಲ್ಲ.

ಹೆಸರಿನಲ್ಲಿ ಲಕ್ಷ್ಮೀ ಇದ್ದುದರಿಂದ ಕಮಲದ ಮೇಲೆ ಕುಳಿತ ದೇವಿಯ ಚಿತ್ರವೇ ಲೋಗೋ ಆಗಬೇಕೆಂದು ಸೊಸೆ ಬಯಸಿದ್ದರು. ಅದನ್ನು ಬೇಡವೆಂದವರು ನಾನಲ್ಲ, ಅವರ ಅತ್ತೆ. “ತಿಂಡಿ ಮುಗಿದ ಮೇಲೆ ಆ ಪ್ಯಾಕೆಟ್ಟು ಕಸಕ್ಕೆ ಹೋಗುತ್ತಲ್ಲಮ್ಮ, ದೇವರ ಮುಖ ಅಲ್ಲಿ ಬೀಳಬಾರದು” ಎಂದು ಅವರು ಹೇಳಿದ ಮೇಲೆ ಚರ್ಚೆ ಉಳಿಯಲಿಲ್ಲ. ಇದಕ್ಕೆ ಕಾನೂನಿನ ಮುಖವೂ ಇದೆ. ‘ರಾಮಾಯಣ’ ಎಂಬ ಹೆಸರನ್ನು ಊದುಬತ್ತಿಗೆ ಒಬ್ಬರದೇ ಟ್ರೇಡ್‌ಮಾರ್ಕ್ ಆಗಿ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ತೀರ್ಪು ನೀಡಿತು. ದೇವರ ಹೆಸರನ್ನೋ ಚಿತ್ರವನ್ನೋ ನಂಬಿ ಗುರುತು ಕಟ್ಟಿದರೆ ಅದೇ ಹೆಸರಿನ ಇನ್ನೊಂದು ಅಂಗಡಿ ಪಕ್ಕದ ಬೀದಿಯಲ್ಲಿ ತೆರೆದಾಗ ನಮ್ಮದು ಎನ್ನಲು ಆಧಾರ ತೆಳುವಾಗಿರುತ್ತದೆ. ಹೆಸರನ್ನು ಬದಲಿಸುವ ಪ್ರಶ್ನೆಯೇ ಇರಲಿಲ್ಲ. ಹಾಗಾಗಿ ಆ ಹೆಸರನ್ನು ಬರೆಯುವ ಬಗೆಯಲ್ಲಿಯೇ ಅಂಗಡಿಯ ವಿಶಿಷ್ಟತೆಯನ್ನು ತರಬೇಕಾಯಿತು.

ಇಲ್ಲಿಂದ ಮುಂದಿನದೇ ನನಗೆ ಅತ್ಯಂತ ಪ್ರಿಯವಾದ ಭಾಗ. ‘ಲಕ್ಷ್ಮೀ’ ಎಂಬುದು ಕನ್ನಡ ಬರೆಯುವವರಿಗೆ ನಿಜವಾದ ಪರೀಕ್ಷೆ. ‘ಲ’ ಸರಳವಾಗಿ ನಿಂತಿರುತ್ತದೆ. ಅದರ ಪಕ್ಕದ ಅಕ್ಷರದಲ್ಲಿ ಕ್ಷ ಎಂಬ ಸಂಯುಕ್ತಾಕ್ಷರ, ಅದರ ಕೆಳಗೆ ಮಕಾರದ ಒತ್ತು, ಮೇಲೆ ಗುಡಿಸು, ಬಲಕ್ಕೆ ದೀರ್ಘ, ಇಷ್ಟೂ ಒಟ್ಟಿಗೆ ಬರುತ್ತವೆ. ಅದಕ್ಕೆ ಮೊದಲಲ್ಲಿ ‘ಶ್ರೀ’, ಕೊನೆಯಲ್ಲಿ ‘ಕಾಂಡಿಮೆಂಟ್ಸ್’ ಸೇರಿದರೆ ಒತ್ತುಗಳ ಸಾಲೇ ಆಗುತ್ತದೆ. ಎರಡು ಅಡಿ ಎತ್ತರದ ಬೋರ್ಡಿನಲ್ಲಿ ಅಂಚು ಬಿಟ್ಟು, ಒತ್ತುಗಳಿಗೆ ಕೆಳಗೆ ಜಾಗ ಕೊಟ್ಟು, ಗುಡಿಸಿಗೆ ಮೇಲೆ ಜಾಗ ಕೊಟ್ಟರೆ ಮೂಲ ಅಕ್ಷರಕ್ಕೆ ಉಳಿಯುವುದು ಒಂದು ಅಡಿಗೂ ಕಡಿಮೆ. ಇಂಗ್ಲಿಷಿನ ದೊಡ್ಡಕ್ಷರಗಳು ಮಾತ್ರ ತಮಗೆ ಸಿಕ್ಕ ಎತ್ತರವನ್ನೆಲ್ಲ ತುಂಬಿಕೊಳ್ಳುತ್ತವೆ. ಎರಡೂ ಭಾಷೆಗೆ ಕಂಪ್ಯೂಟರಿನಲ್ಲಿ ಒಂದೇ ಅಳತೆ ಕೊಟ್ಟರೂ ಕನ್ನಡ ಚಿಕ್ಕದಾಗಿ ಕಾಣುವುದಕ್ಕೆ ಇದೇ ಕಾರಣ. ಆದ್ದರಿಂದ ನಾನು ಒತ್ತುಗಳನ್ನು ಲೆಕ್ಕಕ್ಕೆ ಹಿಡಿಯದೆ ಮೂಲ ಅಕ್ಷರದ ಎತ್ತರವನ್ನು ಮೊದಲು ನಿಗದಿ ಮಾಡುತ್ತೇನೆ, ಇಂಗ್ಲಿಷನ್ನು ಅದಕ್ಕಿಂತ ಚಿಕ್ಕದಾಗಿ ಹೊಂದಿಸುತ್ತೇನೆ.

ಆ ಅಂಗಡಿಯ ಅಟ್ಟದಲ್ಲಿ ಎನಾಮೆಲ್ ಬಣ್ಣದಲ್ಲಿ ಬರೆದ ಹಳೆಯ ತಗಡಿನ ಬೋರ್ಡ್ ಉಳಿದಿತ್ತು. ಅದನ್ನು ಬರೆದ ಪೇಂಟರ್ ಯಾರೆಂದು ಯಾರಿಗೂ ನೆನಪಿರಲಿಲ್ಲ. ಆದರೆ ಅವರ ಕೈಯ ಜಾಣ್ಮೆ ಪ್ರತಿಯೊಂದು ಅಕ್ಷರದಲ್ಲಿಯೂ ಕಾಣುತ್ತಿತ್ತು. ಮಕಾರದ ಒತ್ತನ್ನು ಅವರು ನೇರ ಕೆಳಗೆ ಇಳಿಸದೆ, ಮುಂದಿನ ಅಕ್ಷರದ ಅಡಿಯ ಖಾಲಿ ಜಾಗಕ್ಕೆ ಸರಿಸಿ ಬರೆದಿದ್ದರು. ಒತ್ತಿನ ಗಾತ್ರವನ್ನು ತಗ್ಗಿಸಿದ್ದರೂ ಗೆರೆಯ ದಪ್ಪವನ್ನು ಮಾತ್ರ ತಗ್ಗಿಸಿರಲಿಲ್ಲ. ಎಷ್ಟೋ ಫಾಂಟ್‌ಗಳಲ್ಲಿ ಒತ್ತು ಚಿಕ್ಕದಾಗುವಾಗ ಗೆರೆಯೂ ಸಣ್ಣಗಾಗುತ್ತದೆ, ಹಾಗಾಗಿ ದೂರದಿಂದ ಒತ್ತು ಮಾಯವಾಗಿ ಹೆಸರೇ ಬೇರೆಯಾಗಿ ಕಾಣುತ್ತದೆ. ನಾನು ಆ ಬೋರ್ಡಿನ ಫೋಟೋ ತೆಗೆದು, ಅದರ ಮೇಲೆ ಟ್ರೇಸಿಂಗ್ ಹಾಳೆಯಿಟ್ಟು ಪೆನ್ಸಿಲಿನಲ್ಲಿ ಬರೆದು, ತಲೆಕಟ್ಟುಗಳ ಓರೆಯನ್ನು ಒಂದೇ ಕೋನಕ್ಕೆ ತಂದು, ಆಮೇಲೆ ಕಂಪ್ಯೂಟರಿನಲ್ಲಿ ಗೆರೆ ಕೂಡಿಸಿದೆ. ಒಂದು ಪೀಳಿಗೆಯ ಗಿರಾಕಿಗಳು ನೋಡುತ್ತ ಬಂದ ಅಕ್ಷರಗಳಿಗಿಂತ ಉತ್ತಮವಾದ ಗುರುತನ್ನು ನಾನು ಹೊಸದಾಗಿ ಕೊಡಲು ಸಾಧ್ಯವಿರಲಿಲ್ಲ.

ಎಲ್ಲ ಅಂಗಡಿಗೂ ಇಂಥ ಹಳೆಯ ಬೋರ್ಡಿನ ಭಾಗ್ಯ ಇರುವುದಿಲ್ಲ. ಆಗ ಮುಕ್ತ ಪರವಾನಗಿಯ ಫಾಂಟ್‌ಗಳಿಂದ ಆರಂಭಿಸುತ್ತೇನೆ. ನೋಟೋ ಸಾನ್ಸ್ ಕನ್ನಡ, ಎಕ್ ಟೈಪ್ ಸಂಸ್ಥೆಯ ಬಾಲೂ ತಮ್ಮ ಮತ್ತು ಅನೇಕ್ ಕನ್ನಡ ಇವು ಉಚಿತವಾಗಿ ಸಿಗುತ್ತವೆ, ವ್ಯಾಪಾರಕ್ಕೂ ಬಳಸಬಹುದು. ಅನೇಕ್‌ನಲ್ಲಿ ಅಕ್ಷರದ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೊಂದಿಸಿಕೊಳ್ಳಬಹುದಾದ್ದರಿಂದ ಕಿರಿದಾದ ಬೋರ್ಡಿಗೆ ಅದು ಬಹಳ ಅನುಕೂಲ. ಆದರೆ ಫಾಂಟಿನ ಅಕ್ಷರವನ್ನು ಹಾಗೆಯೇ ಇಡುವುದಿಲ್ಲ. ಒತ್ತುಗಳನ್ನು ಸರಿಸಿ, ಒಂದೆರಡು ಅಕ್ಷರಗಳನ್ನು ತಿದ್ದಿ ಬರೆಯುತ್ತೇನೆ. ದಪ್ಪ ಅಕ್ಷರಗಳಲ್ಲಿ ದ–ಧ, ಬ–ಭ, ಪ–ಫ ಜೋಡಿಗಳನ್ನು ಬೇರ್ಪಡಿಸುವ ಕೆಳಗಿನ ಸೀಳು ಮುಚ್ಚಿಹೋಗುವ ಅಪಾಯವಿರುತ್ತದೆ. ‘ಭವಾನಿ’ ಎಂಬುದು ‘ಬವಾನಿ’ ಆಗಬಾರದಲ್ಲವೇ? ಅದಕ್ಕಾಗಿ ಹೆಸರನ್ನು ಕಾಗದದಲ್ಲಿ ದೊಡ್ಡದಾಗಿ ಮುದ್ರಿಸಿ, ಅಂಗಡಿಯ ಮುಂದೆ ಅಂಟಿಸಿ, ರಸ್ತೆಯ ಆಚೆ ಬದಿಯಿಂದ ಬೇರೆಯವರಿಂದ ಓದಿಸುತ್ತೇನೆ. ಅದೇ ಹೆಸರನ್ನು ಹೆಬ್ಬೆರಳಿನ ಉಗುರಿನಷ್ಟು ಅಗಲಕ್ಕೂ ಮುದ್ರಿಸಿ ನೋಡುತ್ತೇನೆ, ಏಕೆಂದರೆ ಲೇಬಲ್ಲಿನ ಮೇಲೆ ಅದಕ್ಕೆ ಸಿಗುವ ಜಾಗ ಕೆಲವೊಮ್ಮೆ ಅಷ್ಟೇ.

ತಾಂತ್ರಿಕವಾಗಿ ಎಚ್ಚರ ಬೇಕಾದದ್ದು ಕಡತವನ್ನು ಮುದ್ರಣಕ್ಕೆ ಕಳಿಸುವಾಗ. ನಮ್ಮ ಬಹುತೇಕ ಮುದ್ರಣಾಲಯಗಳಲ್ಲಿ ಇಂದಿಗೂ ಕೋರಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶ ಮತ್ತು ಯೂನಿಕೋಡ್ (ಈಗ ಎಲ್ಲೆಡೆ ಬಳಕೆಯಲ್ಲಿರುವ ಅಕ್ಷರ ಸಂಕೇತ) ಅಲ್ಲದ ಹಳೆಯ ‘ನುಡಿ’ ಅಥವಾ ‘ಶ್ರೀಲಿಪಿ’ ಫಾಂಟ್‌ಗಳು ನಡೆಯುತ್ತವೆ. ಯೂನಿಕೋಡಿನಲ್ಲಿ ಟೈಪ್ ಮಾಡಿದ ಹೆಸರು ಕೋರಲ್‌ಡ್ರಾದ ಹಳೆಯ ಆವೃತ್ತಿಗಳಲ್ಲಿ ಒತ್ತು ಕಳಚಿ ಬೀಳುತ್ತದೆ. ಅಡೋಬಿ ಇಲಸ್ಟ್ರೇಟರಿನಲ್ಲಿಯೂ ಅಕ್ಷರಗಳನ್ನು ಜೋಡಿಸುವ ‘ಕಂಪೋಸರ್’ ಆಯ್ಕೆಯನ್ನು ಭಾರತೀಯ ಭಾಷೆಗಳಿಗೆಂದು ಇರುವುದಕ್ಕೆ ಬದಲಿಸದಿದ್ದರೆ ಇದೇ ಗತಿ. ಹೀಗಾಗಿ ಅಕ್ಷರಗಳನ್ನು ಫಾಂಟಿನ ಹಂಗಿಲ್ಲದ ರೇಖೆಗಳಾಗಿ ಪರಿವರ್ತಿಸದೆ ನಾನು ಯಾವ ಕಡತವನ್ನೂ ಹೊರಗೆ ಕೊಡುವುದಿಲ್ಲ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ಮತ್ತೊಮ್ಮೆ ಓದುತ್ತೇನೆ.

ಬಣ್ಣದ ವಿಷಯದಲ್ಲಿ ನನ್ನ ನಿಯಮ ಕಟ್ಟುನಿಟ್ಟಾದುದು: ಒಂದೇ ಬಣ್ಣದಲ್ಲಿ ನಿಲ್ಲದ ಗುರುತನ್ನು ನಾನು ಕೊಡುವುದಿಲ್ಲ. ರಬ್ಬರ್ ಸ್ಟಾಂಪಿಗೆ ಇರುವುದು ಒಂದು ಬಣ್ಣ. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್, ಬೇರೆ ಖರ್ಚು. ಬಿಸಿಲಿಗೆ ನೇರವಾಗಿ ಒಡ್ಡಿದ ಮುದ್ರಿತ ಬೋರ್ಡುಗಳಲ್ಲಿ ಹಳದಿ ಮತ್ತು ಕೆಂಪು ಛಾಯೆಗಳು ಮೊದಲು ಮಾಸಿ, ಕೆಲವು ವರ್ಷಗಳಲ್ಲಿ ಬೋರ್ಡ್ ನೀಲಿಗೆ ತಿರುಗಿರುವುದನ್ನು ಯಾವ ಬೀದಿಯಲ್ಲಿಯೂ ನೋಡಬಹುದು. ಕಾಂಡಿಮೆಂಟ್ಸ್ ಅಂಗಡಿಗೆ ಹುರಿದ ಮೆಣಸಿನಕಾಯಿಯ ಕಡುಗೆಂಪನ್ನು ಆರಿಸಿಕೊಂಡಾಗ ಬೋರ್ಡನ್ನು ಮುದ್ರಿಸದೆ, ಎಸಿಪಿ (ಎರಡೂ ಬದಿಗೆ ಅಲ್ಯೂಮಿನಿಯಂ ಹೊದಿಸಿದ) ಶೀಟಿನ ಮೇಲೆ ಕತ್ತರಿಸಿದ ಅಕ್ರಿಲಿಕ್ ಅಕ್ಷರಗಳನ್ನು ಕೂರಿಸಿದೆವು. ಖರ್ಚು ಹೆಚ್ಚಾಯಿತು, ಆದರೆ ಅದು ಮತ್ತೆ ಮತ್ತೆ ಮಾಡಿಸುವ ಖರ್ಚಲ್ಲ. ರಾಜ್ಯ ಸರ್ಕಾರ 2016ರಲ್ಲಿಯೇ ಫ್ಲೆಕ್ಸನ್ನು ನಿಷೇಧಿಸಿದೆ ಎಂಬುದನ್ನೂ ನಾನು ಅಂಗಡಿಯವರಿಗೆ ನೆನಪಿಸುತ್ತೇನೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂಬ 2024ರ ತಿದ್ದುಪಡಿ ಬಂದ ಮೇಲೆ ಅನೇಕರು ಹಳೆಯ ಇಂಗ್ಲಿಷ್ ಬೋರ್ಡಿನ ಮೇಲೆ ಕನ್ನಡದ ಪಟ್ಟಿಯೊಂದನ್ನು ಅಂಟಿಸಿ ಮುಗಿಸಿದರು. ಕನ್ನಡವನ್ನೇ ಮೂಲವಾಗಿಟ್ಟು ಬೋರ್ಡನ್ನು ಕಟ್ಟಿದರೆ ಈ ನಿಯಮ ತಾನಾಗಿಯೇ ಪಾಲನೆಯಾಗುತ್ತದೆ.

ಪ್ಯಾಕೆಟ್ಟಿನ ಲೇಬಲ್ಲಿನಲ್ಲಿ ವಿನ್ಯಾಸಕರ ಸ್ವಾತಂತ್ರ್ಯ ಕಡಿಮೆ. 14 ಅಂಕಿಗಳ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ, ಹಸಿರು ಚೌಕದೊಳಗಿನ ಹಸಿರು ಚುಕ್ಕೆ, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ಮತ್ತು ಬಳಸಬೇಕಾದ ದಿನಾಂಕ, ವಿಳಾಸ ಇವೆಲ್ಲ ಇರಲೇಬೇಕು, ತೂಕದ ಅಂಕಿಗಳ ಎತ್ತರಕ್ಕೂ ಕನಿಷ್ಠ ಮಿತಿಯಿದೆ. ಈ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು. ಹಾಗಾಗಿ ಮುಂಭಾಗದ ಹೆಸರನ್ನು ಕನ್ನಡಕ್ಕೆ ಮೀಸಲಿಟ್ಟು, ಮುಂಭಾಗದಲ್ಲಿಯೇ ಇರಬೇಕಾದ ಹಸಿರು ಚುಕ್ಕೆಯಂಥವನ್ನು ಬಿಟ್ಟು ಉಳಿದ ಕಡ್ಡಾಯ ವಿವರಗಳನ್ನು ಹಿಂಭಾಗದ ಲೇಬಲ್ಲಿಗೆ ಸಾಗಿಸಿದೆ. ಅಲ್ಲಿ ತಯಾರಾಗುವ ತಿಂಡಿಗಳ ಬಗೆ ಬಹಳ, ಒಂದೊಂದರ ಪ್ರಮಾಣ ಕಡಿಮೆ. ಪ್ರತಿ ತಿಂಡಿಗೂ ಬೇರೆ ಲೇಬಲ್ ಅಚ್ಚು ಹಾಕಿಸಿದರೆ ಸಾವಿರಾರು ಲೇಬಲ್‌ಗಳು ಕಪಾಟಿನಲ್ಲಿ ಕೊಳೆಯುತ್ತವೆ. ಮುಂಭಾಗಕ್ಕೆ ಎಲ್ಲಕ್ಕೂ ಒಂದೇ ಲೇಬಲ್ ಮಾಡಿ, ನಡುವೆ ಖಾಲಿ ಪಟ್ಟಿ ಬಿಟ್ಟು, ಅಲ್ಲಿ ತಿಂಡಿಯ ಹೆಸರನ್ನು ರಬ್ಬರ್ ಸ್ಟಾಂಪಿನಲ್ಲಿ ಒತ್ತುವಂತೆ ಮಾಡಿದೆವು. ಹಿಂಭಾಗದ ವಿವರಗಳನ್ನು ಬಿಲ್ ಕೌಂಟರಿನ ಸಣ್ಣ ಲೇಬಲ್ ಪ್ರಿಂಟರಿನಲ್ಲಿ ಅಂದಂದಿಗೆ ಮುದ್ರಿಸಿಕೊಳ್ಳುತ್ತಾರೆ.

ಹೊಲಿಗೆ ಅಂಗಡಿಯೊಂದರಲ್ಲಿ ಇದೇ ನೋಟದಿಂದ ಬೇರೆಯೇ ಉತ್ತರ ದೊರೆಯಿತು. ಅಲ್ಲಿ ಗಿರಾಕಿಯ ಕೈಯಲ್ಲಿ ಹೆಚ್ಚು ದಿನ ಉಳಿಯುವುದು ಬೋರ್ಡೂ ಅಲ್ಲ, ಚೀಲವೂ ಅಲ್ಲ. ಬಟ್ಟೆಯ ತುಣುಕನ್ನು ಪಿನ್ ಹೊಡೆದು ಕೊಡುವ ರಸೀದಿ ಮತ್ತು ಕಾಲರಿನ ಒಳಗಿನ ನೇಯ್ದ ಲೇಬಲ್. ರಸೀದಿಯ ಬಲ ಮೂಲೆಯಲ್ಲಿ ತುಣುಕಿಗೆಂದೇ ಚೌಕವೊಂದನ್ನು ಬಿಟ್ಟು, ಉಳಿದ ವಿನ್ಯಾಸವನ್ನು ಅದರ ಸುತ್ತ ಕಟ್ಟಿದೆ. ನೇಯ್ದ ಲೇಬಲ್ಲಿನಲ್ಲಿ ಸಣ್ಣ ಒತ್ತುಗಳು ನೂಲಿನಲ್ಲಿ ಮೂಡುವುದಿಲ್ಲವಾದ್ದರಿಂದ ಅಲ್ಲಿ ಅಂಗಡಿಯ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಉಳಿಸಿದೆ. ವಾಟ್ಸಾಪಿನ ದುಂಡು ಚಿತ್ರಕ್ಕೂ ಅದೇ ಅಕ್ಷರ ಸಾಕಾಯಿತು.

ಕೆಲಸ ಮುಗಿದಾಗ ಎಲ್ಲ ಕಡತಗಳನ್ನೂ ಪೆನ್‌ಡ್ರೈವಿನಲ್ಲಿ ಹಾಕಿ ಅಂಗಡಿಯವರಿಗೇ ಕೊಡುತ್ತೇನೆ. ಅದು ಅವರ ಸ್ವತ್ತು, ಮುಂದಿನ ಸಲ ಬೇರೆ ವಿನ್ಯಾಸಕರ ಬಳಿ ಹೋಗುವ ಹಕ್ಕೂ ಅವರದೇ. ಜೊತೆಗೆ ಒಂದು ಪುಟದ ಸೂಚನೆಯನ್ನು ಕನ್ನಡದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ ಕೊಡುತ್ತೇನೆ. ಯಾವ ಕಡತ ಬೋರ್ಡಿಗೆ, ಯಾವುದು ಮುದ್ರಣಕ್ಕೆ, ಬಣ್ಣದ ಅಂಕಿಗಳೇನು, ಹೆಸರಿನ ಸುತ್ತ ಎಷ್ಟು ಜಾಗ ಬಿಡಬೇಕು, ಮತ್ತೆ ಟೈಪ್ ಮಾಡಬಾರದು ಎಂಬುದು ಅದರಲ್ಲಿರುತ್ತದೆ. ಹೊರ ಊರುಗಳಿಗೆ ಸರಕು ಕಳಿಸುವವರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕುವಂತೆ ಸಲಹೆ ಕೊಡುತ್ತೇನೆ. ಆನ್‌ಲೈನಿನಲ್ಲಿ ಸಲ್ಲಿಸಿದರೆ ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಸರಕಿನ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ. ದೇವರ ಹೆಸರಿರುವಲ್ಲಿ ಬರೀ ಪದಗಳಿಗಿಂತ ಬರೆದ ರೂಪವನ್ನೇ ಅರ್ಜಿಯಲ್ಲಿ ಸಲ್ಲಿಸುವುದು ಮೇಲು. ನನ್ನ ಶುಲ್ಕವನ್ನು ಕಂತುಗಳಲ್ಲಿ ಪಡೆಯುತ್ತೇನೆ, ಕೊನೆಯ ಕಂತನ್ನು ಬೋರ್ಡ್ ಏರಿದ ಮೇಲೆ ಮಾತ್ರ ತೆಗೆದುಕೊಳ್ಳುತ್ತೇನೆ. ಬೋರ್ಡ್ ಕೂರಿಸುವ ದಿನ ನಾನು ಅಲ್ಲಿಯೇ ಇರುತ್ತೇನೆ, ಏಕೆಂದರೆ ಅಕ್ರಿಲಿಕ್ ಅಕ್ಷರಗಳನ್ನು ಅಂಟಿಸುವಾಗ ಒತ್ತುಗಳು ಬಿಡಿ ತುಂಡುಗಳಾಗಿಯೇ ಬಂದಿರುತ್ತವೆ, ಅವನ್ನು ಯಾವ ಅಕ್ಷರದಿಂದ ಎಷ್ಟು ಅಂತರದಲ್ಲಿ ಕೂರಿಸಬೇಕೆಂದು ಏಣಿಯ ಮೇಲಿರುವವರಿಗೆ ಹೇಳಲು ಕೆಳಗೆ ಒಬ್ಬರು ನಕ್ಷೆ ಹಿಡಿದು ನಿಂತಿರಬೇಕಾಗುತ್ತದೆ.