ಬಡಾವಣೆಯ ನಕ್ಷೆಯಲ್ಲಿ ಬೂದಿದಿಬ್ಬಕ್ಕೆ ಜಾಗ ಬಿಡಿಸಿದ ಬಗೆ

ಬಳ್ಳಾರಿಯ ಸುತ್ತಮುತ್ತ ಜಮೀನು ಅಳೆದು ಬಡಾವಣೆಗಳ ನಕ್ಷೆ ತಯಾರಿಸುವುದು ನನ್ನ ವೃತ್ತಿ. ಹೊಲವೊಂದು ನಿವೇಶನಗಳಾಗಿ ಒಡೆಯುವ ಮೊದಲು ಅದರ ಉದ್ದಗಲವನ್ನು ನಡೆದು ನೋಡುವವರಲ್ಲಿ ಸರ್ವೇಯರನೇ ಬಹುಪಾಲು ಕೊನೆಯವನು. ಅವನ ಹಾಳೆಯಲ್ಲಿ ಗುರುತಾಗದ ವಸ್ತು ಮರುವಾರ ಜೆಸಿಬಿಯ ಬಾಯಿಗೆ ಹೋಗುತ್ತದೆ. ನಮ್ಮ ಭಾಗದಲ್ಲಿ ಹೀಗೆ ಹೋಗುವವುಗಳಲ್ಲಿ ಮುಖ್ಯವಾದವು ಬೂದಿದಿಬ್ಬಗಳು.

ಕುಡತಿನಿಯ ಬೂದಿದಿಬ್ಬ, ಸಂಗನಕಲ್ಲು–ಕುಪ್ಪಗಲ್ಲಿನ ಗುಡ್ಡಗಳು ವಿದ್ವಾಂಸರಿಗೆ ಚಿರಪರಿಚಿತ. ಸುಮಾರು ಕ್ರಿ.ಪೂ. 3000 ಮತ್ತು 1200ರ ನಡುವೆ ಇಲ್ಲಿ ದನಗಳನ್ನು ಸಾಕಿಕೊಂಡಿದ್ದ ನವಶಿಲಾಯುಗದ ಜನರು ಸಗಣಿಯನ್ನು ಒಟ್ಟಿ ಮತ್ತೆ ಮತ್ತೆ ಸುಟ್ಟಿದ್ದರಿಂದ ಈ ದಿಬ್ಬಗಳು ಬೆಳೆದವು. ತೆಲಂಗಾಣದ ಉತನೂರಿನ ಉತ್ಖನನದಲ್ಲಿ ಬೂದಿಯ ಪದರದ ನಡುವೆ ದನಗಳ ಗೊರಸಿನ ಗುರುತುಗಳೇ ಸಿಕ್ಕಿವೆ. ಹಂಪಿಯ ಬಳಿಯ ನಿಂಬಾಪುರದ ಬೂದಿರಾಶಿಯನ್ನು ಜನರು ವಾಲಿಯ ದಹನವಾದ ಜಾಗವೆಂದು ನಂಬುತ್ತಾರೆ. ಅಂಥ ಕಥೆಯೂ ಇಲ್ಲದ, ರಕ್ಷಿತ ಸ್ಮಾರಕಗಳ ಪಟ್ಟಿಯಲ್ಲೂ ಇಲ್ಲದ ದಿಬ್ಬಗಳನ್ನು ಕಾಯುವವರು ಯಾರು? ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯ ಎಂಬ ನಿಯಮ ಪಟ್ಟಿಯಲ್ಲಿರುವವುಗಳಿಗೆ ಮಾತ್ರ ಅನ್ವಯಿಸುತ್ತದೆ. ಉಳಿದವುಗಳ ಬೂದಿಮಣ್ಣು ಹೊಲಕ್ಕೆ ಗೊಬ್ಬರವಾಗಿ, ತಗ್ಗಿಗೆ ಭರ್ತಿಯಾಗಿ ಕರಗುತ್ತಾ ಬಂದಿದೆ.

ನಮ್ಮ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬಡಾವಣೆಗೆಂದು ಅಳತೆಗೆ ಕರೆದಾಗ ಎರೆಹೊಲದ ನಡುವೆ ಅಂಥದೊಂದು ದಿಬ್ಬವಿತ್ತು. ಸುತ್ತಲಿನ ಕಪ್ಪುಮಣ್ಣಿನ ಎದುರು ಅದರ ಮಣ್ಣು ಬಿಳಿಚಿಕೊಂಡ ಬೂದು ಬಣ್ಣದ್ದು. ಕುಲುಮೆಯ ಕಿಟ್ಟದಂತೆ ಕರಗಿ ಗಟ್ಟಿಯಾದ ಹೆಂಟೆಗಳು, ಬೂದುಬಣ್ಣದ ಮಡಕೆಚೂರುಗಳು, ಸವೆದ ಅರೆಯುವ ಕಲ್ಲು ಅಲ್ಲಿದ್ದವು. ಜಮೀನಿನ ಯಜಮಾನರು ಕೇಳಿದ ಮೊದಲ ಪ್ರಶ್ನೆ, "ಈ ದಿಬ್ಬ ಬಿಟ್ರ ನನಗ ಎಷ್ಟು ಸೈಟು ಕಮ್ಮಿ ಆಗ್ತಾವ್ರಿ?" ಎಂಬುದು. ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡದೆ ಇತಿಹಾಸದ ಮಹತ್ವವನ್ನು ಮಾತ್ರ ಹೇಳಿದ್ದರೆ ಅವರು ಬೇರೆ ಸರ್ವೇಯರನನ್ನು ಹುಡುಕಿಕೊಳ್ಳುತ್ತಿದ್ದರು.

ಉತ್ತರ ನಿಯಮದಲ್ಲಿಯೇ ಇತ್ತು. ಬಡಾವಣೆಗೆ ಅನುಮೋದನೆ ಸಿಗಬೇಕಾದರೆ ಉದ್ಯಾನ ಮತ್ತು ಬಯಲು ಜಾಗಕ್ಕೆಂದು ಒಂದು ಪಾಲನ್ನು ಹೇಗೂ ಬಿಟ್ಟುಕೊಡಲೇಬೇಕು. ಸಾಮಾನ್ಯವಾಗಿ ಆ ಪಾಲನ್ನು ಮಾರಾಟವಾಗದ ಮೂಲೆಗೆ ತಳ್ಳುವುದು ನಮ್ಮ ಕ್ಷೇತ್ರದ ರೂಢಿ. ನಾನು ಉದ್ಯಾನವನ್ನು ದಿಬ್ಬದ ಮೇಲೆಯೇ ಇಟ್ಟು, ರಸ್ತೆಗಳನ್ನು ಅದರ ಎರಡು ಬದಿಗೆ ಸರಿಸಿ, ನಿವೇಶನಗಳನ್ನು ಮತ್ತೆ ಜೋಡಿಸಿದೆ. ಮಾರಬಹುದಾದ ವಿಸ್ತೀರ್ಣ ಕಡಿಮೆಯಾಗದಿರುವುದನ್ನು ಎರಡೂ ನಕ್ಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದ ಮೇಲೆ ಯಜಮಾನರು ಒಪ್ಪಿದರು. ಉದ್ಯಾನಕ್ಕೆ ಮುಖ ಮಾಡಿದ ನಿವೇಶನಗಳಿಗೆ ಬೇಡಿಕೆ ಹೆಚ್ಚೆಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಕಷ್ಟವಾದದ್ದು ಗಡಿ ಎಳೆಯುವ ಕೆಲಸ. ಕಣ್ಣಿಗೆ ಕಾಣುವ ಉಬ್ಬು ದಿಬ್ಬದ ಒಂದು ಭಾಗ ಮಾತ್ರ. ಪುರಾತತ್ವಜ್ಞ ಕೆ. ಪದ್ದಯ್ಯನವರು ಬೂದಿಹಾಳದಲ್ಲಿ ನಡೆಸಿದ ಉತ್ಖನನದಲ್ಲಿ ಬೂದಿರಾಶಿಯ ಪಕ್ಕದಲ್ಲಿಯೇ ವಾಸದ ನೆಲೆ, ಕಲ್ಲಿನ ಆಯುಧ ತಯಾರಿಸುತ್ತಿದ್ದ ಜಾಗ ಮತ್ತು ಪ್ರಾಣಿಗಳ ಮಾಂಸ ಕಡಿಯುತ್ತಿದ್ದ ನೆಲ ಪತ್ತೆಯಾಗಿದ್ದವು. ಆದ್ದರಿಂದ ಟೋಟಲ್ ಸ್ಟೇಷನ್ ಎಂಬ ಅಳತೆಯ ಉಪಕರಣದಿಂದ ಎತ್ತರದ ರೇಖೆಗಳನ್ನು ತೆಗೆದುಕೊಂಡ ಬಳಿಕ, ನನ್ನ ಹುಡುಗರನ್ನು ಸಾಲಾಗಿ ನಿಲ್ಲಿಸಿ ಹೊಲವಿಡೀ ನಡೆಸಿದೆ. ಚೂರು ಕಂಡಲ್ಲೆಲ್ಲ ಒಂದು ಬಾವುಟದ ಕಡ್ಡಿ ನೆಡಬೇಕು, ಯಾವುದನ್ನೂ ಎತ್ತಬಾರದು ಎಂಬುದು ಕಟ್ಟುನಿಟ್ಟಿನ ಸೂಚನೆ. ಚೂರುಗಳು ನಿಲ್ಲುವ ಗೆರೆ ಉಬ್ಬಿನ ಬುಡದಿಂದ ಬಹಳ ಆಚೆಗೆ ಸಿಕ್ಕಿತು. ನಕ್ಷೆಯಲ್ಲಿ ಉದ್ಯಾನದ ಎಲ್ಲೆಯಾದದ್ದು ಆ ಗೆರೆಯೇ, ಒಂದು ಬದಿಯಲ್ಲಿ ಮಾತ್ರ ಅದು ಜಮೀನಿನ ಎಲ್ಲೆಯನ್ನೂ ದಾಟಿ ಪಕ್ಕದ ಸರ್ವೆ ನಂಬರಿಗೆ ಹೋಗಿತ್ತು.

ಜಾಗ ಬಿಟ್ಟಮಾತ್ರಕ್ಕೆ ದಿಬ್ಬ ಉಳಿಯುವುದಿಲ್ಲ. ಉದ್ಯಾನವೆಂದು ಹೆಸರಿಟ್ಟ ಜಾಗಕ್ಕೆ ಮುಂದೊಂದು ದಿನ ಅನುದಾನ ಬರುತ್ತದೆ, ಗುತ್ತಿಗೆದಾರರು ನೆಲ ಸಮತಟ್ಟು ಮಾಡಿಸಿ ಕೆಮ್ಮಣ್ಣು ಸುರಿಸುತ್ತಾರೆ, ನಡಿಗೆಯ ಹಾದಿಗೆ ಅಗೆಸುತ್ತಾರೆ. ಒಳ್ಳೆಯ ಉದ್ದೇಶದಿಂದಲೇ ಆಗುವ ಈ ಹಾನಿಗೆ ನಾನು ಹೆಚ್ಚು ಅಂಜುತ್ತೇನೆ. ಅದಕ್ಕಾಗಿ ಅಗೆತ, ಭರ್ತಿ, ಕೊಳವೆಬಾವಿ ಮತ್ತು ಆಳಕ್ಕೆ ಬೇರಿಳಿಸುವ ಗಿಡಗಳು ಈ ಭಾಗದಲ್ಲಿ ಕೂಡದು ಎಂದು ನಕ್ಷೆಯ ಮೇಲೆಯೇ ಬರೆದೆ. ಜಾಗವನ್ನು ಸ್ಥಳೀಯ ಸಂಸ್ಥೆಗೆ ಒಪ್ಪಿಸುವ ನೋಂದಾಯಿತ ಪತ್ರದಲ್ಲಿಯೂ ಅದೇ ಷರತ್ತನ್ನು ಸೇರಿಸಲು ಯಜಮಾನರು ಒಪ್ಪಿದರು. ಚರಂಡಿ ಮತ್ತು ನೀರಿನ ಕೊಳವೆಗಳ ಸಾಲು ರಸ್ತೆಯ ಆಚೆಯ ಬದಿಗೆ ಹೋಯಿತು. ಕಾಂಪೌಂಡಿಗೆ ಪಾಯ ತೆಗೆಯಬೇಕಾಗುವುದರಿಂದ ಗೋಡೆ ಬೇಡವೆಂದು ಹೇಳಿ, ಚೂರುಗಳ ಗೆರೆಯ ಹೊರಗೆ ಬಾಂದುಕಲ್ಲುಗಳನ್ನು ನೆಡಿಸಿದೆವು. ಗ್ರಾಮಸಭೆಯಲ್ಲಿ ವಿಷಯವನ್ನು ಇಟ್ಟು ಠರಾವು ಬರೆಸಿ, ಛಾಯಾಚಿತ್ರ ಹಾಗೂ ಅಕ್ಷಾಂಶ–ರೇಖಾಂಶಗಳೊಂದಿಗೆ ರಾಜ್ಯ ಪುರಾತತ್ವ ಇಲಾಖೆಗೆ ಪತ್ರ ಕೊಟ್ಟು ಸ್ವೀಕೃತಿ ಪಡೆದೆವು. ಇಂಥ ಕಾಗದಗಳ ಪ್ರತಿಯನ್ನು ಪಂಚಾಯಿತಿಯಲ್ಲಿ ಮಾತ್ರವಲ್ಲ, ಊರಿನ ಶಾಲೆಯಲ್ಲಿಯೂ ಇಡಿಸುವುದು ಒಳ್ಳೆಯದು, ಏಕೆಂದರೆ ಕಚೇರಿಯಲ್ಲಿ ಅಧಿಕಾರಿಗಳು ಬದಲಾಗುತ್ತಲೇ ಇರುತ್ತಾರೆ.

ಪಕ್ಕದ ಸರ್ವೆ ನಂಬರಿನವರೂ ಈಗ ಬಡಾವಣೆಯ ಆಲೋಚನೆಯಲ್ಲಿದ್ದಾರೆ. ಅವರ ಉದ್ಯಾನದ ಪಾಲನ್ನು ಇದಕ್ಕೆ ಆನಿಸಿಕೊಂಡಂತೆ ಇಟ್ಟರೆ ಚೂರುಗಳು ಹರಡಿರುವ ನೆಲ ಪೂರ್ತಿಯಾಗಿ ಒಂದೇ ಎಲ್ಲೆಯೊಳಗೆ ಬರುತ್ತದೆ. ಆ ಜೋಡಣೆಯ ಕರಡು ನಕ್ಷೆಯನ್ನು ಅವರ ಕೈಗೆ ಕೊಟ್ಟಿದ್ದೇನೆ, ಮುಂಗಾರಿನ ಬಿತ್ತನೆಗೆ ಮೊದಲೇ ಅಳತೆ ಮುಗಿಸೋಣವೆಂದು ಕೇಳಿಕೊಂಡಿದ್ದೇನೆ.